ಅಳತೆಗೆ ಕೊಟ್ಟ ಕಣ್ಣು

ಸ್ಕಾಟ್ಲೆಂಡಿಗೆ ಹೋಗಿ ಬಂದೆ ಅಂದ ಕೂಡಲೇ ಸಾಗರದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ಬಗೆಯ ಪ್ರಶ್ನೆ. ಕೋಟೆ ನೋಡಿದಿರಾ ಟೀಚರೇ? ಅಲ್ಲಿ ಗಂಡಸರು ಲಂಗ ಉಟ್ಕೊಂಡು ಓಡಾಡ್ತಾರಂತೆ, ಹೌದಾ? ಕೋಟೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ, ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ. ಲಂಗದ ಗಂಡಸು ಆಸ್ಪತ್ರೆಯ ಲಿಫ್ಟಿನ ಹತ್ತಿರ ಒಬ್ಬ ಸಿಕ್ಕಿದ. ಆ ಚಳಿಯಲ್ಲಿ ಅವನ ಮೊಣಕಾಲು ನೋಡಿ ಅಯ್ಯೋ ಪಾಪ ಅನ್ನಿಸಿತು. ಉಳಿದಂತೆ ಎಡಿನ್‌ಬರೋದಲ್ಲಿ ನಾನು ಚೆನ್ನಾಗಿ ನೋಡಿದ್ದು ಕತ್ತಲೆ ಕೋಣೆಗಳನ್ನು. ಕಿಟಕಿಗೆ ಕಪ್ಪು ಪರದೆ, ನಡುವೆ ಒಂದು ಯಂತ್ರ, ಯಂತ್ರದ ಮುಂದೆ ಗಲ್ಲ ಊರಿ ಕೂತ ನನ್ನ ತಮ್ಮ. ಆ ಕೋಣೆಗಳ ಪ್ರವಾಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೋಟೆ ಬೇಕಾದವರು ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಬಹುದು.

ತೀರ್ಥಹಳ್ಳಿ

ತಮ್ಮ ಚಂದ್ರ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವ ಮಿನಿ ಬಸ್ಸಿನ ಡ್ರೈವರ್. ನನಗಿಂತ ತುಂಬಾ ಚಿಕ್ಕವನು. ಅಪ್ಪಯ್ಯ ಎಷ್ಟು ಬೈದರೂ ಗದ್ದೆ ಬಿಟ್ಟು ಸ್ಟೇರಿಂಗ್ ಹಿಡಿದವನು. ಘಾಟಿಯ ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲ, ಹಾಗಾಗಿ ಅಲ್ಲಿ ಮಿನಿ ಬಸ್ಸಿನವರದೇ ರಾಜ್ಯಭಾರ, ಅದರಲ್ಲಿ ಇವನದು ಸ್ವಲ್ಪ ಜಾಸ್ತಿಯೇ ಇತ್ತು. ನನ್ನ ಮಗ ರಘು ರಜೆಗೆ ಬಂದರೆ ಮಾವನ ಪಕ್ಕದ ಬಾನೆಟ್ ಮೇಲೆ ಕೂತೇ ದಿನ ಕಳೆಯುತ್ತಿದ್ದ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಚಂದ್ರನ ಎಡಗಣ್ಣಿನ ನಡುವೆ ಹೊಗೆ ಕಟ್ಟಿದ ಹಾಗಾಯಿತು. ನೋವಿಲ್ಲ, ಕೆಂಪಿಲ್ಲ. ಒಂದು ಕಣ್ಣು ಸರಿಯಿದೆಯಲ್ಲ ಎಂದು ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಬಲಗಣ್ಣಿಗೂ ಅದೇ ಶುರುವಾದಾಗ ಅವನು ಆಗುಂಬೆಯಲ್ಲಿ ಬಸ್ಸು ನಿಲ್ಲಿಸಿ, ಬೀಗದ ಕೈ ಕಂಡಕ್ಟರನ ಕೈಗೆ ಕೊಟ್ಟು, "ಬೇರೆ ಡ್ರೈವರ್ ಕರೆಸು ಮಾರಾಯ, ನಂಗೆ ತಿರುವು ಕಾಣ್ತಿಲ್ಲ" ಅಂದನಂತೆ. ತುಂಬಿದ ಬಸ್ಸಿನಲ್ಲಿ ಒಬ್ಬರೂ ಗೊಣಗಲಿಲ್ಲವಂತೆ. ಆ ಮೇಲೆ ಅವನು ಬಸ್ಸು ಹತ್ತಿದ್ದು ಪ್ಯಾಸೆಂಜರಾಗಿಯೇ.

ಕರಾವಳಿಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಗೆ ಆಗ ಎಡಿನ್‌ಬರೋದಿಂದ ಡಾಕ್ಟರ್ ಲೋಗನ್ ಎಂಬುವರು ಬಂದಿದ್ದರು. ತೆಂಗಿನ ಮರದಷ್ಟು ಉದ್ದದ ಮನುಷ್ಯ, ಅವರ ಕನ್ನಡಕವೇ ಸೋಡಾ ಬಾಟಲಿಯ ತಳದ ಹಾಗಿತ್ತು. ಕಣ್ಣಿಗೂ ಮೆದುಳಿಗೂ ನಡುವೆ ಇರುವ ನರವನ್ನು ಅಳೆಯುವುದು ಅವರ ಕೆಲಸ. ಆ ನರ ಪೊರಕೆಯ ಎರಡು ಹಿಡಿಕಡ್ಡಿ ಸೇರಿಸಿದಷ್ಟು ದಪ್ಪ ಇರಬಹುದು, ಅಷ್ಟೆ. ಅದನ್ನು ಅಳೆಯಲು ಈಗ ನಾಲ್ಕು ದಾರಿ ಇವೆ, ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ, ಯಾವುದನ್ನು ನಂಬಬೇಕೆಂದು ಹೋಲಿಸಿ ನೋಡುತ್ತಿದ್ದೇವೆ ಎಂದರು. ಚಂದ್ರನ ನರ ಊದಿಕೊಂಡಂತೆ ಕಾಣುತ್ತದೆ. ನರದ ಸುತ್ತಲಿನ ಪೊರೆಯಲ್ಲಿ ನೀರು ತುಂಬಿದ್ದರೆ ಪೊರೆ ಸೀಳಿ ನೀರು ಬಿಡಬಹುದು, ಬಲಗಣ್ಣಾದರೂ ಉಳಿಯಬಹುದು. ನೀರಿಲ್ಲದಿದ್ದರೆ ಆಪರೇಷನ್ ಮಾಡಿ ಉಪಯೋಗವಿಲ್ಲ. ಆ ಯಂತ್ರಗಳೆಲ್ಲ ಇರುವುದು ಅವರ ಊರಿನಲ್ಲಿ. ಬರುವುದಾದರೆ ರೋಗಿಯದೂ ಜೊತೆಗೊಬ್ಬರದೂ ಖರ್ಚು ಆಸ್ಪತ್ರೆಯದೇ.

ಮನೆಯಲ್ಲಿ ಇಂಗ್ಲಿಷ್ ಬರುವವಳು ನಾನೊಬ್ಬಳೇ. ಸೈನ್ಸ್ ಟೀಚರ್ ಬೇರೆ. ಹೀಗೆ, ಆ ನರದ ಸುತ್ತ ನೀರಿದೆಯೋ ಇಲ್ಲವೋ ತಿಳಿಯುವುದಕ್ಕೆ ಅಕ್ಕ ತಮ್ಮ ಏಳು ಸಮುದ್ರ ದಾಟಿ ಹೊರಟೆವು.

ಬೊಂಬಾಯಿ, ಆಮೇಲೆ ಆಕಾಶ

ಬೊಂಬಾಯಿಯಲ್ಲಿ ಕಸ್ಟಮ್ಸಿನವನು ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳದ ಕಟ್ಟು ಬಿಚ್ಚಿ, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ. ನನಗೆ ಸಿಟ್ಟು ನೆತ್ತಿಗೇರಿತು. ಚಂದ್ರ ಮಾತ್ರ, "ಬಿಡು ಅಕ್ಕ, ಅವನಿಗಾದ್ರೂ ಕಾಣ್ತದಲ, ನೋಡ್ಲಿ" ಅಂದ.

ಅವನಿಗೆ ಆಗ ಎದುರಿನವರ ಮುಖ ಕಾಣುತ್ತಿರಲಿಲ್ಲ, ಕಿವಿ ಕಾಣುತ್ತಿತ್ತು. ನೋಟದ ನಡುವೆ ಮಬ್ಬು, ಅಂಚು ಮಾತ್ರ ಸ್ವಚ್ಛ. ಯಾರನ್ನಾದರೂ ನೋಡಬೇಕಾದರೆ ಕೋಳಿಯ ಹಾಗೆ ಮುಖ ಓರೆ ಮಾಡುತ್ತಿದ್ದ. ಅದನ್ನು ಅಪಾರ್ಥ ಮಾಡಿಕೊಂಡು ವಿಮಾನದಲ್ಲಿ ಪಕ್ಕದ ಹೆಂಗಸು ಜಾಗ ಬದಲಾಯಿಸಿದಳು. ಇವನಿಗೆ ಅದರ ಪರಿವೆಯೇ ಇಲ್ಲ, ಇಂಜಿನ್ನಿನ ಸದ್ದು ಕೇಳುವುದರಲ್ಲಿ ಮುಳುಗಿದ್ದ.

"ಅಕ್ಕ, ಈ ಪೈಲಟ್‌ಗೆ ಎಷ್ಟು ತಿಂಗ್ಳಿಗೊಂದ್ಸಲ ಕಣ್ ಟೆಸ್ಟ್ ಮಾಡ್ತಾರೆ ಕೇಳಿ ನೋಡು."

"ಸುಮ್ನೆ ಕೂತ್ಕೊ ಮಾರಾಯ."

"ಅಲ್ಲ, ಅವನಿಗೂ ನನ್ನ ಹಂಗೇ ಒಂದಿನ ಬೆಳಿಗ್ಗೆ ಆದ್ರೆ? ಇಲ್ಲಿ ಎಲ್ಲಿ ನಿಲ್ಸಿ ಕೀ ಕೊಡ್ತಾನೆ?"

ನಗು ಬಂತು, ಜೊತೆಗೇ ಅಳುವೂ ಬಂತು. ಕಿಟಕಿಯ ಕಡೆ ತಿರುಗಿ ಕೂತೆ.

ಎಡಿನ್‌ಬರೋ

ಆಸ್ಪತ್ರೆಯವರು ನಮ್ಮನ್ನು ಮಿಸೆಸ್ ಡಂಕನ್ ಎಂಬ ವಿಧವೆಯ ಮನೆಯ ಮಾಳಿಗೆಯಲ್ಲಿ ಇಳಿಸಿದ್ದರು. ಆಕೆ ಬೆಳಿಗ್ಗೆ ಓಟ್ಸ್ ಗಂಜಿ ಕೊಡುವರು, ಅದಕ್ಕೆ ಉಪ್ಪು. ಚಂದ್ರ ಮೊದಲ ದಿನ ದಾಕ್ಷಿಣ್ಯಕ್ಕೆ ಗುಡ್ ಗುಡ್ ಅಂದದ್ದೇ ತಪ್ಪಾಯಿತು, ಮರುದಿನದಿಂದ ಅವನಿಗೆ ಎರಡು ಬಟ್ಟಲು. ಬಾಯಿ ತಪ್ಪಿಯೂ ಬೇಡ ಅನ್ನಲಿಲ್ಲ ಪುಣ್ಯಾತ್ಮ. ಉಪಕಾರಕ್ಕೆ ಪ್ರತಿಯಾಗಿ ನಾನು ಹಪ್ಪಳ ಕೊಟ್ಟೆ. ಆಕೆ ಅದನ್ನು ಬ್ರೆಡ್ಡು ಸುಡುವ ಪೆಟ್ಟಿಗೆಯಲ್ಲಿ ಇಳಿಸಿ ಅಡುಗೆಮನೆ ತುಂಬ ಹೊಗೆ ಮಾಡಿಕೊಂಡರು. ಅಷ್ಟಾದರೂ ಸುಟ್ಟ ಚೂರನ್ನು ತಿಂದು, ರುಚಿಯಾಗಿದೆ ಎಂದರು. ದಾಕ್ಷಿಣ್ಯ ಬರೀ ನಮ್ಮ ಕಡೆಯ ಸ್ವತ್ತು ಅಂದುಕೊಂಡಿದ್ದೆ, ಹಾಗೇನಿಲ್ಲ.

ಅಲ್ಲಿನ ಬಸ್ ಸ್ಟಾಪಿನಲ್ಲಿ ಜನ ಒಬ್ಬರ ಹಿಂದೆ ಒಬ್ಬರು ನಿಂತು ತುಟಿ ಬಿಚ್ಚುವುದಿಲ್ಲ. ನಮ್ಮಲ್ಲಾದರೆ ಬಸ್ಸು ಬರುವಷ್ಟರಲ್ಲಿ ಎಲ್ಲಿಗೆ, ಯಾಕೆ, ಯಾರ ಮನೆಯವರು, ಹುಡುಗನಿಗೆ ಎಂತಾಗಿದೆ ಎಲ್ಲ ಮುಗಿದು, ಯಾರೋ ಒಬ್ಬರು ಔಷಧಿ ಕೊಡುವವರ ವಿಳಾಸವನ್ನೂ ಹೇಳಿರುತ್ತಿದ್ದರು. ಊರಿನಲ್ಲಿ ಆ ವಿಚಾರಣೆಗೆ ನಾನು ಉರಿದು ಬೀಳುತ್ತಿದ್ದೆ. ಇಲ್ಲಿ ಒಂದು ವಾರ ಯಾರೂ ಏನೂ ಕೇಳದೆ ಹೋದಾಗ ಎದೆಯಲ್ಲಿದ್ದದ್ದು ಹಾಗೇ ಗಟ್ಟಿಯಾಗುತ್ತಾ ಹೋಯಿತು.

ಮೊದಲ ದಿನ ಡಾಕ್ಟರ್ ಲೋಗನ್ ನೂರೆಂಟು ಪ್ರಶ್ನೆ ಕೇಳಿದರು. ಕುಡಿತ ಇದೆಯಾ, ಬೀಡಿ ಸೇದುತ್ತಾನಾ, ತಲೆಗೆ ಪೆಟ್ಟು ಬಿದ್ದಿತ್ತಾ. ನಿಮ್ಮ ಕುಟುಂಬದಲ್ಲಿ ಬೇರೆ ಯಾರಿಗಾದರೂ ದೃಷ್ಟಿ ಹೋಗಿದೆಯಾ ಎಂದೂ ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ನಮ್ಮನೇಲಾ?" ಚಂದ್ರ ಎದೆ ಸೆಟೆಸಿದ. "ನಮ್ಮಪ್ಪಯ್ಯ ಕಡೇ ದಿನದವರೆಗೂ ಕನ್ನಡಕ ಇಲ್ದೆ ಪೇಪರ್ ಓದಿದ್ರು. ದೊಡ್ಡಪ್ಪ ಈಗ್ಲೂ ಹದ್ದಿನ ಹಂಗೆ ನೋಡ್ತಾರೆ. ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ ಅನ್ನು."

ಯಾರಿಗೂ ಇಲ್ಲ ಎಂದೆ. ಡಾಕ್ಟರ್ ಬರೆದುಕೊಂಡರು.

ಫೋಟೋ, ಶಬ್ದ, ಉಂಗುರ

ಮೊದಲನೆಯದು ಫೋಟೋ ಕೋಣೆ. ಕಣ್ಣಿಗೆ ಔಷಧಿ ಹಾಕಿ ಪಾಪೆ ಅಗಲ ಮಾಡಿ, ಮಿಂಚು ಹೊಡೆದ ಹಾಗೆ ಬೆಳಕು ಬಿಟ್ಟು, ಕಣ್ಣಿನ ಹಿಂಗೋಡೆಯಲ್ಲಿ ನರ ಬಂದು ಸೇರುವ ಜಾಗದ ಚಿತ್ರ ತೆಗೆಯುತ್ತಾರೆ. ಆಮೇಲೆ ಆ ಚಿತ್ರವನ್ನು ಗೋಡೆಯಷ್ಟು ದೊಡ್ಡದು ಮಾಡಿ, ಕಾಗದದ ಮೇಲೆ ಅಂಚು ಎಳೆದು ಅಳೆಯುತ್ತಾರೆ. ನಾನು ಮೊದಲ ಸಲ ತಮ್ಮನ ಕಣ್ಣಿನ ಒಳಗನ್ನು ನೋಡಿದೆ. ಕಿತ್ತಳೆ ಬಣ್ಣದ ಆಕಾಶದಲ್ಲಿ ಒಂದು ಗುಂಡು ಚಂದ್ರ, ಅದರಿಂದ ನಾಲ್ಕೂ ಕಡೆಗೆ ಕೆಂಪು ಬೇರು. ಆ ಬಿಂಬದ ಅಂಚು ಮಾತ್ರ ಕದಡಿದಂತಿತ್ತು. ಊದಿದೆ, ಎಂದರು ಡಾಕ್ಟರ್. ನನಗೆ ಸಂತೋಷವಾಯಿತು. ತಮ್ಮನ ನರ ಊದಿದೆ ಅಂದದ್ದಕ್ಕೆ ಸಂತೋಷಪಡುವ ಅಕ್ಕ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಎರಡನೆಯದು ಶಬ್ದದ ಯಂತ್ರ. ನಮ್ಮ ಕಿವಿಗೆ ಕೇಳದ ಶಬ್ದವನ್ನು ಕಣ್ಣೊಳಕ್ಕೆ ಕಳಿಸಿ, ಅದು ನರದ ಆಚೆ ಈಚೆಯ ಪೊರೆಗೆ ತಾಗಿ ವಾಪಸು ಬರುವ ಹೊತ್ತು ಎಣಿಸಿ ದಪ್ಪ ಲೆಕ್ಕ ಹಾಕುವುದು. ಇದನ್ನು ನಾನು ಒಂಬತ್ತನೇ ಕ್ಲಾಸಿಗೆ ಪ್ರತಿಧ್ವನಿಯ ಪಾಠದಲ್ಲಿ ಹೇಳಿಕೊಡುತ್ತೇನೆ, ಕಣ್ಣಿನ ಬದಲು ಬೆಟ್ಟ ಇಟ್ಟುಕೊಂಡು. ಮೊದಲು ನೇರ ನೋಡಲು ಹೇಳಿ ಅಳೆದರು. ಆಮೇಲೆ ಕಣ್ಣನ್ನು ಪಕ್ಕಕ್ಕೆ ತಿರುಗಿಸಿ ಮತ್ತೆ ಅಳೆದರು. ಕಣ್ಣು ತಿರುಗಿದಾಗ ಪೊರೆ ಎಳೆದುಕೊಳ್ಳುತ್ತದೆ, ಒಳಗೆ ನೀರಿದ್ದರೆ ಅದು ಹಂಚಿಹೋಗಿ ದಪ್ಪ ಕಡಿಮೆಯಾಗಬೇಕು. ಕಡಿಮೆಯಾಗಲಿಲ್ಲ. ಯಂತ್ರದ ಹುಡುಗಿ ಮತ್ತೊಂದು ಸಲ, ಮಗದೊಂದು ಸಲ ಮಾಡಿದಳು. ಆಮೇಲೆ ಉದ್ದಕ್ಕೆ ಉಸಿರು ಬಿಟ್ಟಳು.

"ಎಂತ ಅಂದ್ಲು?" ಚಂದ್ರ ಕೇಳಿದ.

"ಇನ್ನೂ ಎರಡು ಯಂತ್ರ ಇದೆ ಅಂದ್ಲು," ಎಂದೆ. ಅದೂ ನಿಜವೇ.

ಮೂರನೆಯದು ದೊಡ್ಡ ಉಂಗುರ. ಅದರೊಳಗೆ ತಲೆ ಇಟ್ಟು ಮಲಗಿದರೆ ಎಕ್ಸ್‌ರೇ ಸುತ್ತು ಹಾಕಿ ತಲೆಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದಂತೆ ತೋರಿಸುತ್ತದೆ. ಪರದೆಯ ಮೇಲೆ ನರ ಬಿಳಿ ದಾರದ ಹಾಗೆ ಕಂಡಿತು. ಡಾಕ್ಟರ್ ಒಂದು ಗುಂಡಿ ತಿರುಗಿಸಿದರು, ದಾರ ದಪ್ಪವಾಯಿತು. ಅತ್ತ ತಿರುಗಿಸಿದರು, ಸಣ್ಣದಾಯಿತು. ನರ ಅಲ್ಲೇ ಇದೆ, ಚಿತ್ರದ ಕಪ್ಪು ಬಿಳುಪು ಬದಲಾದರೆ ಅಳತೆಯೂ ಬದಲಾಗುತ್ತದೆ. ನಮ್ಮೂರ ಕಡೆ ಭತ್ತ ಕೊಡುವಾಗ ಒಂದು ಕೊಳಗ, ತೆಗೆದುಕೊಳ್ಳುವಾಗ ಇನ್ನೊಂದು ಕೊಳಗ ಇಟ್ಟುಕೊಂಡ ಸಾಹುಕಾರರ ನೆನಪಾಯಿತು.

"ಹಾಗಾದರೆ ನಿಜವಾದ ಅಳತೆ ಯಾವುದು?" ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ಅದನ್ನು ತಿಳಿಯಲಿಕ್ಕೇ ನಾನು ಇಷ್ಟು ವರ್ಷದಿಂದ ಇಲ್ಲಿ ಕೂತಿರುವುದು," ಎಂದರು ಡಾಕ್ಟರ್. ಅವರ ಮುಖ ನೋಡಿ ನನ್ನ ಸಿಟ್ಟು ಇಳಿಯಿತು. ಫೋಟೋ ಊದಿದೆ ಅನ್ನುತ್ತದೆ, ಶಬ್ದ ನೀರಿಲ್ಲ ಅನ್ನುತ್ತದೆ, ಉಂಗುರ ನೀವು ಹೇಳಿದ ಹಾಗೆ ಅನ್ನುತ್ತದೆ. ಇನ್ನು ಉಳಿದದ್ದು ಅಯಸ್ಕಾಂತ.

ಆಗ ಅವರು ಇನ್ನೊಂದು ಮಾತು ಕೇಳಿದರು. ಆರೋಗ್ಯವಾದ ನರದ ಅಳತೆ ಗೊತ್ತಿದ್ದರೆ ತಾನೇ ಇದು ಊದಿದ್ದು ಅನ್ನಲು ಬರುವುದು? ಅವರ ಹತ್ತಿರ ಇದ್ದದ್ದೆಲ್ಲ ಸ್ಕಾಟ್ಲೆಂಡಿನವರ ಕಣ್ಣಿನ ಅಳತೆ. ಅದೇ ಮನೆಯ, ಅದೇ ರಕ್ತದ ಒಂದು ಒಳ್ಳೆಯ ಕಣ್ಣು ಹೋಲಿಕೆಗೆ ಸಿಕ್ಕರೆ ಉತ್ತಮ. ನೀವು ಕೊಡುತ್ತೀರಾ? ಉಂಗುರದೊಳಕ್ಕೆ ನಿಮ್ಮನ್ನು ಕಳಿಸುವುದಿಲ್ಲ, ಕಾಯಿಲೆ ಇಲ್ಲದವರಿಗೆ ಎಕ್ಸ್‌ರೇ ಕೊಡಬಾರದು. ಉಳಿದ ಮೂರು ಸಾಕು.

ಕೊಡುತ್ತೀರಾ ಅಂತ ಕೇಳಬೇಕಾ? ಅವನಿಗೆ ಉಪಯೋಗವಾಗುತ್ತದೆ ಅಂದರೆ ಕಣ್ಣನ್ನೇ ಕಿತ್ತು ಕೊಡುತ್ತಿದ್ದೆ. ಅಂದೇ ಔಷಧಿ ಹಾಕಿಸಿಕೊಂಡು ಫೋಟೋದವರ ಮುಂದೆ ಗಲ್ಲ ಊರಿದೆ.

ಅಯಸ್ಕಾಂತ

ಅಯಸ್ಕಾಂತದ ಯಂತ್ರ ಆಗಷ್ಟೇ ಬಂದಿತ್ತು. ಅದು ಒಂದು ಸುರಂಗ, ಒಳಗೆ ಯಾರೋ ತಗಡು ಬಡಿದಂತೆ ಸದ್ದು. ಚಂದ್ರನದು ಮುಗಿದು ನನ್ನ ಸರದಿ ಬಂದಾಗ, ಮೈಮೇಲೆ ಲೋಹದ್ದು ಒಂದು ಚೂರೂ ಇರಬಾರದು ಎಂದರು. ಬಳೆ ತೆಗೆದೆ, ಓಲೆ ತೆಗೆದೆ. ಕರಿಮಣಿ ತೆಗೆಯಿರಿ ಎಂದಾಗ ಕೈ ಏಳಲಿಲ್ಲ. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ ಎಂದು ಸೈನ್ಸ್ ಟೀಚರಾಗಿ ವಾದಿಸಿದೆ. ಆದರೂ ಚಿತ್ರ ಕೆಡುತ್ತದೆ ಎಂದರು. ಹದಿನೆಂಟು ವರ್ಷದಲ್ಲಿ ಅದು ಕೊರಳಿಂದ ಇಳಿದದ್ದು ದಾರ ಬದಲಾಯಿಸುವಾಗ ಮಾತ್ರ, ಅದೂ ಅರಿಶಿನದ ಕೊಂಬು ಕಟ್ಟಿಕೊಂಡ ಮೇಲೆ.

ನರ್ಸು ಕಂಗಾಲಾದಳು. ಚಂದ್ರನೇ ಉಪಾಯ ಹೇಳಿದ. "ಬ್ಯಾಂಡೇಜ್ ದಾರ ಕೇಳು. ನಿನ್ನ ಸಾರಿನ ಡಬ್ಬೀಲಿ ಅರಿಶಿನ ಉಂಟಲ, ನಾಳೆ ತಗೊಂಡ್ ಬಾ."

ಮಾರನೇ ದಿನ ಅರಿಶಿನ ಕಲಸಿದ ಬ್ಯಾಂಡೇಜ್ ದಾರವನ್ನು ಕೊರಳಿಗೆ ಕಟ್ಟಿಕೊಂಡು, ಕರಿಮಣಿಯನ್ನು ಅವನ ಜೇಬಿಗೆ ಹಾಕಿ ಸುರಂಗದೊಳಗೆ ಮಲಗಿದೆ. ಅವರ ಬಿಳಿ ದಿಂಬಿನ ಮೇಲೆ ಹಳದಿ ಕಲೆ ಉಳಿಯಿತು. ಇದು ಏನು, ಇದರಿಂದ ಏನಾಗುತ್ತದೆ ಎಂದು ನರ್ಸು ಕೇಳಿದಳು. ಗಂಡನಿಗೆ ಒಳ್ಳೆಯದಾಗುತ್ತದೆ ಎಂದೆ. ತನ್ನ ಗಂಡ ಓಡಿಹೋಗಿದ್ದಾನೆಂದೂ ಮೊದಲೇ ಗೊತ್ತಿದ್ದರೆ ಕಟ್ಟಿಕೊಳ್ಳುತ್ತಿದ್ದೆನೆಂದೂ ಅವಳು ಹೇಳಿದಾಗ ಇಬ್ಬರೂ ನಕ್ಕೆವು.

ಸಮುದ್ರದ ದಂಡೆ

ಭಾನುವಾರ ಮಿಸೆಸ್ ಡಂಕನ್ ಒತ್ತಾಯ ಮಾಡಿ ನಮ್ಮನ್ನು ಸಮುದ್ರಕ್ಕೆ ಕಳಿಸಿದರು. ಉಡುಪಿಯ ಕಡೆಯ ಸಮುದ್ರ ನೋಡಿದವರಿಗೆ ಅದು ಸಮುದ್ರ ಅನ್ನಿಸುವುದೇ ಇಲ್ಲ. ಬೂದಿ ಬಣ್ಣದ ನೀರು ಚಳಿಗೆ ಮುದುಡಿಕೊಂಡು ಬಿದ್ದಿತ್ತು. ಆ ಚಳಿಯಲ್ಲೂ ಒಬ್ಬ ಅಜ್ಜ ಐಸ್‌ಕ್ರೀಮ್ ತಿನ್ನುತ್ತಾ ಬೆಂಚಿನ ಮೇಲೆ ಕೂತಿದ್ದ.

ಚಂದ್ರ ಮುಖ ಓರೆ ಮಾಡಿ ನೀರು ನೋಡುತ್ತಿದ್ದ. ಬಂದ ದಿನಕ್ಕಿಂತ ಆ ಓರೆ ಜಾಸ್ತಿಯಾಗಿತ್ತು. ಬಲಗಣ್ಣಿನ ಮಬ್ಬು ದೊಡ್ಡದಾಗುತ್ತಿದೆ ಎಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡಿರಲಿಲ್ಲ.

"ಅಕ್ಕ, ಬಲಗಣ್ಣು ಈಗಿದ್ದಷ್ಟು ಉಳಿದ್ರೂ ಸಾಕು," ಎಂದ. "ಘಾಟಿ ಬೇಡ ನಂಗೆ. ಹೊಸನಗರ ರೂಟ್ ಕೊಡಿ ಅಂತೀನಿ ಮಾಲೀಕ್ರಿಗೆ. ಅಲ್ಲಿ ಅಷ್ಟು ತಿರುವಿಲ್ಲ, ಜನವೂ ಕಮ್ಮಿ. ಮೆಲ್ಲಗೆ ಹೋಗ್ತೀನಿ."

ಈಗಿದ್ದಷ್ಟು ಕಣ್ಣಿನಲ್ಲಿ ಎತ್ತಿನಗಾಡಿ ಹೊಡೆಯಲೂ ಯಾರೂ ಬಿಡುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

"ಕೊಡ್ತಾರೆ ಬಿಡು," ಎಂದೆ.

"ರಘುಗೆ ಡ್ರೈವಿಂಗ್ ಕಲಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ಪಿಯುಸಿ ಮುಗೀಲಿ ಅಂದಿದ್ದೆ. ಈಗಲೇ ಕಲಿಸ್ಬಿಡ್ಬೇಕಿತ್ತು ಮಾರಾಯ್ತಿ."

ಅಲ್ಲಿಂದ ವಾಪಸು ಬರುವ ಬಸ್ಸಿನಲ್ಲಿ ಅವನು ಡ್ರೈವರ್ ಸೀಟಿನ ಹಿಂದೆ ನಿಂತು ಗೇರು ಬದಲಾಗುವ ಸದ್ದಿಗೆ ಬರಿಗೈಯನ್ನು ಅಷ್ಟಷ್ಟೇ ಆಡಿಸುತ್ತಿದ್ದ.

ಶುಕ್ರವಾರ

ತೀರ್ಮಾನದ ದಿನ. ಡಾಕ್ಟರ್ ಲೋಗನ್ ಕೋಣೆಯ ಗೋಡೆಯ ಮೇಲೆ ಬೆಳಕಿನ ಹಲಗೆ ಇತ್ತು. ಅದಕ್ಕೆ ಚಿತ್ರಗಳನ್ನು ಸಿಕ್ಕಿಸಿದ್ದರು, ಎಡಗಡೆ ಚಂದ್ರನವು, ಬಲಗಡೆ ನನ್ನವು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಅಯಸ್ಕಾಂತವೂ ಶಬ್ದದ ಪಕ್ಷವೇ ಆಯಿತು ಎಂದರು. ನರದ ಸುತ್ತ ನೀರಿಲ್ಲ. ಹಾಗಾದರೆ ಫೋಟೋ ಸುಳ್ಳಾ ಎಂದರೆ ಅದೂ ಅಲ್ಲ, ಊತ ಇದ್ದದ್ದೇ, ಆದರೆ ಅದು ನೀರಿನ ಊತವಲ್ಲ, ನರದ ಎಳೆಗಳೇ ಸಾಯುವ ಮುಂಚೆ ಉಬ್ಬಿಕೊಂಡದ್ದು. ಯಾವ ಯಂತ್ರವೂ ಸುಳ್ಳು ಹೇಳಿರಲಿಲ್ಲ, ಒಂದೊಂದೂ ತನಗೆ ಕಂಡದ್ದನ್ನು ಹೇಳಿತ್ತು.

"ಇದನ್ನು ನಾನು ತಿಳಿದದ್ದು ನಿಮ್ಮಿಂದ," ಎಂದರು. ಬೆರಳು ನನ್ನ ಕಣ್ಣಿನ ಚಿತ್ರದ ಮೇಲಿತ್ತು.

ನನ್ನ ಕಣ್ಣು ಚೆನ್ನಾಗಿ ಕಾಣುತ್ತದೆ. ಆದರೂ ಗುಂಡು ಅಂಚಿನ ಸುತ್ತ ಕೂದಲೆಳೆಯಂಥ ರಕ್ತನಾಳಗಳು ಸೊಟ್ಟಗೆ ಸುರುಳಿ ಸುತ್ತಿಕೊಂಡಿದ್ದವು. ಚಂದ್ರನ ಚಿತ್ರದಲ್ಲೂ ಅದೇ ಸುರುಳಿ, ಅವನವು ಇನ್ನೂ ದಪ್ಪ. ಬೇರೆ ಆರೋಗ್ಯವಂತರ ಕಣ್ಣಿನಲ್ಲಿ ಹೀಗೆ ಇರುವುದಿಲ್ಲ. ಹೋಲಿಕೆಗೆಂದು ಕೊಟ್ಟ ಕಣ್ಣು ಹೋಲಿಕೆಗೆ ಬಾರದೇ ಹೋಗಿತ್ತು.

"ನಿಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ ಎಂದಿರಿ. ನಿಮ್ಮ ತಾಯಿಯ ಕಡೆಯವರನ್ನೂ ಸೇರಿಸಿ ಹೇಳಿದಿರಾ? ಅವರ ಅಣ್ಣ ತಮ್ಮಂದಿರು?"

ನಮ್ಮ ಕಡೆ ಮನೆತನ ಅಂದರೆ ಅಪ್ಪನ ಮನೆತನ. ಅಮ್ಮನ ತವರು ಬೇರೆ ಮನೆ, ಅವರ ದೇವರು ಬೇರೆ, ಅವರ ದೋಷ ಬೇರೆ. ಅವರ ಸೂತಕ ಕೂಡ ನಮಗೆ ಅಷ್ಟಕ್ಕಷ್ಟೆ. ನನ್ನ ದೊಡ್ಡ ಸೋದರಮಾವನಿಗೆ ಕಣ್ಣಿಲ್ಲ, ಹೌದು. ಆದರೆ ಅದನ್ನು ಯಾರೂ ಕಾಯಿಲೆ ಅಂದದ್ದೇ ಇಲ್ಲ. ಹೊಸನಗರದ ಕಡೆ ಅವರ ಊರಿಗೆ ಲಿಂಗನಮಕ್ಕಿ ಅಣೆಕಟ್ಟಿನ ನೀರು ಬಂದಾಗ ಮನೆಯ ತೊಲೆ, ಹೆಂಚು, ಬಾಗಿಲು ಎಲ್ಲ ಕಿತ್ತುಕೊಂಡು ಹೊರಟರು. ನಾಗನ ಕಲ್ಲುಗಳನ್ನು ತರುವ ಮೊದಲು ಮಾಡಬೇಕಾದ ಪೂಜೆ ಅರ್ಧಕ್ಕೇ ನಿಂತಿತು, ಕಲ್ಲು ನೀರಿನಡಿಗೆ ಹೋಯಿತು. ಮರುವರ್ಷ ಮಾವನ ಒಂದು ಕಣ್ಣು ಮಬ್ಬಾಯಿತು, ಮಳೆಗಾಲದೊಳಗೆ ಇನ್ನೊಂದು. ನಾಗ ಮುನಿದ ಎಂದರು ಎಲ್ಲರೂ. ಮಾವನೂ ಹಾಗೇ ನಂಬಿ, ಆಸ್ಪತ್ರೆಯ ಮೆಟ್ಟಿಲು ಹತ್ತದೆ, ಮನೆಯ ಮೂಲೆಯಲ್ಲಿ ಕೂತುಬಿಟ್ಟರು. ಆಗ ಅವರಿಗೆ ಚಂದ್ರನ ವಯಸ್ಸೇ.

ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತಾ ಹೇಳುತ್ತಾ ಅದು ಬೇರೆ ಯಾರದೋ ಮನೆಯ ಕತೆ ಅನ್ನಿಸಿತು. ಡಾಕ್ಟರ್ ನಗಲಿಲ್ಲ. ಇದು ತಾಯಿಯಿಂದ ಬರುವ ಕಾಯಿಲೆ, ಎಂದರು. ಹೇಗೆ ಬರುತ್ತದೆಂದು ನಮಗಿನ್ನೂ ಪೂರ್ತಿ ತಿಳಿದಿಲ್ಲ. ತಂದೆಯಿಂದ ಬರುವುದಿಲ್ಲ. ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಏನೂ ಆಗದೆ ಮುಂದಿನ ತಲೆಮಾರಿಗೆ ದಾಟುತ್ತದೆ. ಗಂಡುಮಕ್ಕಳಲ್ಲಿ ಕೆಲವರ ಕಣ್ಣು ಹೀಗೆ ಹೋಗುತ್ತದೆ, ಹರೆಯದಲ್ಲಿ. ಆಪರೇಷನ್ ಇಲ್ಲ. ಔಷಧಿ ಇಲ್ಲ. ಆಮೇಲೆ, ತುಂಬಾ ಮೆಲ್ಲಗೆ, "ನಿಮಗೆ ಮಕ್ಕಳಿದ್ದಾರೆಯೇ?" ಎಂದು ಕೇಳಿದರು.

ಮಗ ಒಬ್ಬ, ಮಗಳು ಒಬ್ಬಳು ಎಂದೆ.

ಕರೆತಂದರೆ ಅವರ ಚಿತ್ರವನ್ನೂ ತೆಗೆಯಬಹುದು, ಕರಾವಳಿಯ ಆಸ್ಪತ್ರೆಯ ಕ್ಯಾಮೆರಾವೇ ಸಾಕು ಎಂದರು. ಸುರುಳಿ ಇದ್ದರೆ ಕಣ್ಣು ಹೋಗುತ್ತದಾ? ಹೋಗಲೂಬಹುದು, ಇರಲೂಬಹುದು. ಯಾವಾಗ? ಹೇಳಲಾಗದು. ತಡೆಯಬಹುದಾ? ಇಲ್ಲ. ಮತ್ತೆ ಯಾತಕ್ಕೆ ಅಳೆಯುತ್ತೀರಿ ಎಂದು ಕೂಗಿಬಿಟ್ಟೆ. ಡಾಕ್ಟರ್ ತಲೆ ತಗ್ಗಿಸಿ, "ನನಗೂ ಗೊತ್ತಿಲ್ಲ" ಎಂದರು. ಆರೋಗ್ಯವಂತ ಕಣ್ಣುಗಳ ಸಾಲಿನಿಂದ ನನ್ನ ಚಿತ್ರವನ್ನು ತೆಗೆದು ಬೇರೆ ಲಕೋಟೆಗೆ ಹಾಕಿದರು.

ಹೊರಗೆ ಬಂದು ಆಸ್ಪತ್ರೆಯ ಉದ್ದದ ಓಣಿಯಲ್ಲಿ ಒಂದು ಬೆಂಚಿನ ಮೇಲೆ ಕೂತೆವು. ಆಪರೇಷನ್ ಇಲ್ಲವಂತೆ ಎಂದು ಚಂದ್ರನಿಗೆ ಹೇಳಿದೆ. ನೀರಿಲ್ಲವಂತೆ. ಅವನು ಹೂಂ ಅಂದ, ಕೈಯಲ್ಲಿದ್ದ ಉಣ್ಣೆ ಟೋಪಿಯನ್ನು ಮಡಚಿದ, ಬಿಚ್ಚಿದ.

"ಅದು ನಂಗೆ ಶಬ್ದದ ಯಂತ್ರದ ಹುಡುಗಿ ಉಸಿರು ಬಿಟ್ಟಾಗಲೇ ಗೊತ್ತಾಯ್ತು. ನೀನು ಕೂಗಿದ್ದು ಎಂತಕ್ಕೆ, ಅದು ಹೇಳು."

"ಸಿಟ್ಟು ಬಂತು."

"ಮದರ್ ಅಂದ್ರು. ಸನ್ ಅಂದ್ರು. ಅಷ್ಟು ಇಂಗ್ಲಿಷು ನಂಗೂ ಬರ್ತದೆ ಅಕ್ಕ."

ಹೇಳಿದೆ. ಬೇರೆ ಯಾರಿಗೆ ಹೇಳಲಿ? ಅವನು ಕೇಳಿದ ಮೇಲೆ ಅಷ್ಟೂ ದಿನದಲ್ಲಿ ಮೊದಲ ಸಲ ಅತ್ತ. ತನ್ನ ಕಣ್ಣಿಗೆ ಅಳದಿದ್ದವನು ಬಾಯಿಗೆ ಟೋಪಿ ಒತ್ತಿಕೊಂಡು, ಭುಜ ಕುಲುಕಿಸಿ ಅತ್ತ. ಓಣಿಯಲ್ಲಿ ಹೋಗುವವರು ನಮ್ಮನ್ನು ನೋಡಲಿಲ್ಲ, ಅದು ಅಲ್ಲಿಯ ಮರ್ಯಾದೆ. ನಮ್ಮೂರಿನ ಹಾಗೆ ಒಬ್ಬ ಮುದುಕಿ ಬಂದು, ಎಂತಾಯ್ತೇ ತಂಗಿ, ಅಂತ ಕೇಳಬಾರದಿತ್ತೇ ಅನ್ನಿಸಿತು.

"ಅಮ್ಮಂಗೆ ಹೇಳ್ಬೇಡ," ಎಂದ ಕೊನೆಗೆ. "ತನ್ನಿಂದ ಬಂತು ಅಂತ ಗೊತ್ತಾದ್ರೆ ಅನ್ನ ಬಿಡ್ತಾಳೆ. ನಾಗ ಅಂತಾನೇ ಇರ್ಲಿ."

"ರಘುಗೆ?"

ಅವನು ಒದ್ದೆಯಾದ ಟೋಪಿಯನ್ನು ತಲೆಗೆ ಹಾಕಿಕೊಂಡು ಎದ್ದ.

ತೀರ್ಥಹಳ್ಳಿ, ಮತ್ತೆ

ವಾಪಸು ಬರುವ ದಾರಿಯ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ಶಿವಮೊಗ್ಗದಿಂದ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಎಲ್ಲಿಗೆ, ಯಾಕೆ, ಯಾರ ಮನೆಯವರು ಎಂದು ಶುರು ಮಾಡಿದಳು. ಎಲ್ಲ ಹೇಳಿದೆ, ಒಂದನ್ನು ಬಿಟ್ಟು.

ರಘು ಎರಡು ದಿನ ಮುಂಚೆಯೇ ಅಜ್ಜಿ ಮನೆಗೆ ಬಂದವನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಮೂರು ವಾರದಲ್ಲಿ ಇನ್ನಷ್ಟು ಉದ್ದವಾದಂತೆ ಕಂಡ. ಬಸ್ಸು ನಿಲ್ಲುವ ಮೊದಲೇ ಪಕ್ಕದಲ್ಲಿ ಓಡಿ ಬಂದು, ಕಿಟಕಿಗೆ ಕೈ ಹಾಕಿ, ನನ್ನನ್ನು ಬಿಟ್ಟು ಮೊದಲು ಮಾವನನ್ನೇ ಕೇಳಿದ.

"ಮಾವ, ಆಪರೇಷನ್ ಆಯ್ತಾ?"

"ಇಲ್ಲ ಮಾರಾಯ. ಬೇಡ ಅಂದ್ರು."

ಹುಡುಗನ ಮುಖ ಸಣ್ಣದಾಯಿತು. ಆದರೂ ಅದನ್ನು ತೋರಿಸಬಾರದೆಂದು ಬಸ್ಸಿನ ಮೇಲೆ ಹತ್ತಿ ನಮ್ಮ ಪೆಟ್ಟಿಗೆ ಇಳಿಸಿದ. ಬಟ್ಟೆ ಕೊಡವಿಕೊಂಡು ಕೆಳಗೆ ಹಾರಿದ. ಮಾವನ ಮುಂದೆ ನಿಂತು, "ಪರ್ವಾಗಿಲ್ಲ ಬಿಡಿ ಮಾವ, ನಾನು ಕಲ್ತು ನಿಮ್ಮನ್ನು ಕೂರಿಸ್ಕೊಂಡು ಘಾಟಿ ಇಳಿಸ್ತೀನಿ" ಎಂದ. ಹಾಗೆ ಅನ್ನುತ್ತಲೇ ಎಡಗಣ್ಣು ಮುಚ್ಚಿ, ಮುಷ್ಟಿಯಿಂದ ಗಸಗಸ ಉಜ್ಜತೊಡಗಿದ.

"ಕಣ್ಣಿಗೆ ಎಂತಾಯ್ತೋ!"

ಕಿರುಚಿದ್ದು ನಾನೇ. ಇಡೀ ಬಸ್ ಸ್ಟ್ಯಾಂಡು ತಿರುಗಿ ನೋಡಿತು. ಪೆಟ್ಟಿಗೆ ದಾಟಿ ಹೋಗಿ ಅವನ ಎರಡೂ ಕೈ ಹಿಡಿದು ಕೆಳಗಿಳಿಸಿ, ಮುಖವನ್ನು ಬೆಳಕಿಗೆ ತಿರುಗಿಸಿದೆ. ಕಣ್ಣು ಕೆಂಪಗಿತ್ತು, ನೀರು ಬರುತ್ತಿತ್ತು. ನೋವಾಗ್ತದನ ಎಂದು ಕೇಳಿದೆ. ಹೂಂ, ನೋವಾಗ್ತದೆ ಎಂದ. ಚಂದ್ರನಿಗೆ ನೋವೂ ಇರಲಿಲ್ಲ, ಕೆಂಪೂ ಇರಲಿಲ್ಲ. ನೋವಿದೆ ಅಂದದ್ದಕ್ಕೆ ನನಗೆ ಸಂತೋಷವಾಯಿತು.

"ಧೂಳಮ್ಮ. ಟಾಪಿನ ಮೇಲಿಂದ ಧೂಳು ಬಿತ್ತು, ಅಷ್ಟೆ. ಎಂತಕ್ಕೆ ಹಂಗೆ ನೋಡ್ತೀಯ? ಬಿಡು, ಎಲ್ರೂ ನೋಡ್ತಿದ್ದಾರೆ."

ಬಿಡಲಿಲ್ಲ. ಆ ಕಣ್ಣು ಮುಚ್ಚು ಎಂದೆ, ಈ ಕಣ್ಣು ಮುಚ್ಚು ಎಂದೆ, ನನ್ನ ಮುಖ ಕಾಣ್ತದನ ಎಂದು ಕೇಳಿದೆ. ಅವನು ನಗುತ್ತಾ, ಕಾಣ್ತದೆ, ಕಾಣ್ತದೆ ಮಾರಾಯ್ತಿ, ಪೂರ್ತಿ ಕಾಣ್ತದೆ ಎಂದ. ಚಂದ್ರ ನಮ್ಮ ಪಕ್ಕದಲ್ಲೇ ಮುಖ ಓರೆ ಮಾಡಿಕೊಂಡು ನಿಂತು, ಅವನ ಆ ಮಾತನ್ನು ಕೇಳಿಸಿಕೊಳ್ಳುತ್ತಿದ್ದ.